ಒಂದೇ ತೂಕದ ಗುಂಡು, ಎರಡು ಗೆರೆ: ಪ್ಲೈವುಡ್ ತ್ರಿಭುಜ ಮಾಡಿದ ಕಥೆ

ತಂಗಿಯ ಮಗಳು ಈಗ ಒಂಬತ್ತನೇ ಕ್ಲಾಸು. ಮಳೆಗೆ ಶಾಲೆಗೆ ರಜೆ ಕೊಟ್ಟರು ಅಂತ ನಾಲ್ಕು ದಿನ ಇರಲು ಶಿರಸಿ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವುದಿತ್ತು. ಮಳೆ ಬಿಡುವು ಕೊಡದೆ, ಮರ ಹತ್ತುವ ಕೊನೆಗೌಡರು ಬಂದಿರಲಿಲ್ಲ. ಹಾಗಾಗಿ ನಾನೂ ಜಗಲಿಯ ಮೇಲೇ ಇದ್ದೆ, ಅವಳೂ ಅಲ್ಲೇ ಕೂತು ಲೆಕ್ಕ ಮಾಡುತ್ತಿದ್ದಳು.

ವಿಶಾಲಕೋನ ತ್ರಿಭುಜದ, ಅಂದರೆ ಒಂದು ಕೋನ 90 ಡಿಗ್ರಿಗಿಂತ ಜಾಸ್ತಿ ಇರುವುದರ, ಎತ್ತರ ಎಳೆಯಬೇಕಿತ್ತು. ಅವಳು ಮೇಲಿನ ಮೂಲೆಯಿಂದ ಪಾದದ ನಡುವಿಗೆ ಗೆರೆ ಎಳೆದು, ಬುಡದಲ್ಲಿ ಲಂಬಕೋನದ ಸಣ್ಣ ಚೌಕ ಹಾಕಿದ್ದಳು. ಅದು ಮಧ್ಯರೇಖೆ, ಎತ್ತರ ಅಲ್ಲ, ಎತ್ತರ ಇಲ್ಲಿ ತ್ರಿಭುಜದ ಹೊರಗೆ ಬೀಳುತ್ತದೆ ಅಂದೆ. "ಎತ್ತರ ಹೊರಗೆ ಹೋದ್ರೆ ಅದು ಈ ತ್ರಿಭುಜದ್ದು ಹೇಗಾಗ್ತದೆ ಮಾವ?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಪುಸ್ತಕದ ಮಾತು ನನಗೂ ಗೊತ್ತಿತ್ತು. ಮೂಲೆಯಿಂದ ಎದುರು ಬಾಹುವಿನ ನಡುವಿಗೆ ಎಳೆದರೆ ಮಧ್ಯರೇಖೆ. ಮೂಲೆಯಿಂದ ಎದುರು ಬಾಹುವಿಗೆ, ಬೇಕಾದರೆ ಅದನ್ನು ಮುಂದುವರಿಸಿ, ನೇರ ಲಂಬ ಇಳಿಸಿದರೆ ಎತ್ತರ. ಇಷ್ಟು ಹೇಳಿದೆ. ಅವಳು ತಲೆ ಆಡಿಸಿದಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಕೊಟ್ಟಿಗೆಯ ಅಟ್ಟದಲ್ಲಿ ಅಡುಗೆಮನೆ ಕಪಾಟು ಮಾಡಿ ಉಳಿದ 12 ಮಿಲಿಮೀಟರ್ ಪ್ಲೈವುಡ್ ತುಂಡುಗಳಿದ್ದವು. ಗರಗಸ ಇತ್ತು. ಕೈಯಲ್ಲಿ ಹಿಡಿಯುವ ತ್ರಿಭುಜಗಳನ್ನೇ ಮಾಡಿಬಿಡೋಣ ಅಂತ ಹೊರಟೆವು.

ಯಾವ ಅಳತೆ ಅಂತ ಮೊದಲು ಯೋಚಿಸಬೇಕು. ಸುಮ್ನೆ ಕೈಗೆ ಬಂದ ಹಾಗೆ ಕೊಯ್ದರೆ ಉತ್ತರ ಎಲ್ಲಾ ದಶಮಾಂಶದಲ್ಲಿ ಬರುತ್ತದೆ. ಅಳತೆ ತಪ್ಪಿದೆಯೋ ಲೆಕ್ಕ ತಪ್ಪಿದೆಯೋ ಗೊತ್ತಾಗುವುದಿಲ್ಲ. ಎರಡನೇ ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದಕ್ಕೆ ಬೇಕಾದ ಎರಡು ತ್ರಿಭುಜಗಳಿವೆ. ಒಂದರ ಪಾದ 14, ಉಳಿದ ಬಾಹುಗಳು 13 ಮತ್ತು 15. ಇನ್ನೊಂದರ ಪಾದ 9, ಬಾಹುಗಳು 10 ಮತ್ತು 17. ಮೊದಲನೆಯದು ಲಘುಕೋನ, ಅಂದರೆ ಮೂರೂ ಕೋನ 90 ಡಿಗ್ರಿಗಿಂತ ಕಡಿಮೆ. ಎರಡನೆಯದು ವಿಶಾಲಕೋನ. ಎರಡರಲ್ಲೂ ಎತ್ತರ ಪೂರ್ಣಸಂಖ್ಯೆ. ಎಲ್ಲವನ್ನೂ ಎರಡು ಪಟ್ಟು ಮಾಡಿ ಸೆಂಟಿಮೀಟರಿನಲ್ಲಿ ಇಟ್ಟುಕೊಂಡೆವು: 26, 28, 30 ಒಂದು. 18, 20, 34 ಇನ್ನೊಂದು. ಲಂಬಕೋನಕ್ಕೆ ಗಾರೆಯವರೂ ಬಡಗಿಗಳೂ ಮೂಲೆ ನೋಡಲು ಬಳಸುವ 3, 4, 5ನ್ನೇ ಆರು ಪಟ್ಟು ಮಾಡಿ 18, 24, 30. ಸಮದ್ವಿಬಾಹುಗೆ 25, 25, 30. ಸಮಬಾಹುಗೆ ಮೂರೂ 30.

ಅವಳ ಕೈವಾರ 15 ಸೆಂ.ಮೀ. ದಾಟುವುದಿಲ್ಲ. ದಾರ ಕಟ್ಟಿ ಕಮಾನು ಎಳೆದರೆ ದಾರ ಜಗ್ಗುತ್ತದೆ. ಅಡಿಕೆ ಮರ ಸೀಳಿದ ದಬ್ಬೆಯ ಒಂದು ತೆಳು ಪಟ್ಟಿ ತೆಗೆದು, ಒಂದು ತುದಿಯಲ್ಲಿ ಮೊಳೆ ಹೊಡೆದೆ. ಅಲ್ಲಿಂದ 26, 30, 34 ಹೀಗೆ ಬೇಕಾದ ದೂರಗಳನ್ನು ಅಳೆದು ಪೆನ್ಸಿಲ್ ಮೊನೆಗೆ ತೂತು ಮಾಡಿದೆ. ಚೆನ್ನಾಗಿ ಕೆಲಸ ಮಾಡಿತು. ಪಾದದ ಗೆರೆ ಎಳೆದು, ಎರಡು ತುದಿಯಿಂದ ಎರಡು ಕಮಾನು ಹಾಕಿದರೆ ಮೇಲಿನ ಮೂಲೆ ಸಿಗುತ್ತದೆ. ಗೆರೆಯ ಹೊರಗೆ ಗರಗಸ ಓಡಿಸಿ, ಉಳಿದದ್ದನ್ನು ಸ್ಯಾಂಡ್ ಪೇಪರಿನಲ್ಲಿ ಗೆರೆವರೆಗೆ ತಿಕ್ಕಬೇಕು. ಗೆರೆಯ ಮೇಲೇ ಕೊಯ್ದರೆ ಗರಗಸ ತಿನ್ನುವ ಜಾಗದಷ್ಟು ಬಾಹು ಗಿಡ್ಡ ಆಗುತ್ತದೆ.

ಒಂದು ವಿಷಯ ಹೇಳಲೇಬೇಕು. ಲಘುಕೋನದ್ದನ್ನು ನಾನು ಮೊದಲು ಕೊಯ್ದದ್ದು ಹಲಸಿನ ಹಲಗೆಯಲ್ಲಿ. ಬಣ್ಣ ಚೆಂದ, ಕೈಗೆ ನುಣುಪು. ಮೂರು ಮಧ್ಯರೇಖೆ ಎಳೆದೆವು, ಮೂರೂ ಒಂದೇ ಕಡೆ ಕೂಡಿದವು. ಆ ಜಾಗದ ಕೆಳಗೆ ಮೊಳೆಯ ಮೊಂಡು ತುದಿ ಕೊಟ್ಟು ಎತ್ತಿದರೆ ತ್ರಿಭುಜ ವಾಲಿ ಬಿತ್ತು. ತೂಕ ನಿಲ್ಲುವ ಜಾಗ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಪಕ್ಕದಲ್ಲಿತ್ತು. ಅವಳಿಗೆ ಮಧ್ಯರೇಖೆಯ ಮೇಲೇ ಅನುಮಾನ ಬಂತು. ತಿರುಗಿಸಿ ನೋಡಿದರೆ ಒಂದು ಮೂಲೆಯ ಹತ್ತಿರ ದೊಡ್ಡ ಗಂಟು. ಗಂಟು ಇರುವಲ್ಲಿ ಮರ ಜಾಸ್ತಿ ಭಾರ. ಮಧ್ಯರೇಖೆಗಳು ಕೂಡುವ ಜಾಗ ಆಕಾರದ ನಡು. ತೂಕದ ನಡುವೂ ಅಲ್ಲೇ ಬರಬೇಕಾದರೆ ಹಲಗೆ ಎಲ್ಲಾ ಕಡೆ ಒಂದೇ ದಪ್ಪ, ಒಂದೇ ಸಾಂದ್ರತೆ ಇರಬೇಕು. ಪ್ಲೈವುಡ್ ಆ ಮಟ್ಟಿಗೆ ಸಾಧು. ಅದರಲ್ಲಿ ಮತ್ತೆ ಕೊಯ್ದಾಗ ಮೊಳೆಯ ತುದಿಯ ಮೇಲೆ ನಿಂತಿತು. ಅವಳು ಉಸಿರು ಹಿಡಿದು ನೋಡುತ್ತಿದ್ದಳು.

ದಾರದ ತುದಿಗೆ ಕಟ್ಟಿ ಇಳಿಬಿಡುವ ತೂಕದ ಗುಂಡಿಗೆ, ಹಿಂದೆ ಕಾರವಾರಕ್ಕೆ ಹೋದಾಗ ತಂದಿದ್ದ ಸೀಸದ ಗುಂಡುಗಳಿದ್ದವು. ಮೀನು ಬಲೆಗೆ ಕಟ್ಟುವಂಥವು. ನಡುವೆ ತೂತು ಇರುವುದರಿಂದ ದಾರ ಪೋಣಿಸಲು ಸುಲಭ. ಸೀಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಮಕ್ಕಳಿದ್ದರೆ ಇದನ್ನು ಮರೆಯಬೇಡಿ. ಮೊದಲು ಗಾಳದ ನೈಲಾನ್ ದಾರ ಹಾಕಿದೆ. ಅದು ಸುರುಳಿಯಿಂದ ಬಿಚ್ಚಿದ ಮೇಲೂ ಸುರುಳಿಯಾಗಿಯೇ ನಿಲ್ಲುತ್ತದೆ, ಸಣ್ಣ ಗುಂಡಿಗೆ ನೆಟ್ಟಗಾಗುವುದಿಲ್ಲ. ಹೊಲಿಗೆ ದಾರಕ್ಕೆ ಮೇಣ ಸವರಿದ್ದು ಸರಿಹೋಯಿತು. ಮಳೆಗಾಳಿಗೆ ಗುಂಡು ಓಲಾಡುತ್ತಿತ್ತು. ಒಂದು ಲೋಟ ನೀರಿನಲ್ಲಿ ಗುಂಡು ಮುಳುಗುವ ಹಾಗೆ ಇಟ್ಟರೆ ಕೂಡಲೇ ನಿಲ್ಲುತ್ತದೆ.

ಈಗ ಮುಖ್ಯ ಕೆಲಸ. ತ್ರಿಭುಜದ ಒಂದು ಮೂಲೆಯ ಹತ್ತಿರ ತೂತು ಮಾಡಿ ಗೋಡೆಯ ಮೊಳೆಗೆ ತೂಗುಹಾಕಿದೆವು. ಅದೇ ಮೊಳೆಗೆ ತೂಕದ ಗುಂಡನ್ನೂ ಕಟ್ಟಿದೆವು. ತ್ರಿಭುಜ ಅತ್ತಿತ್ತ ಆಡಿ ನಿಂತಿತು. ದಾರ ನೇರ ಎದುರು ಬಾಹುವಿನ ನಡುವಿಗೆ ಬಂತು. ಅದು ಮಧ್ಯರೇಖೆ. ತ್ರಿಭುಜಕ್ಕೆ ಯಾವ ಕಟ್ಟೂ ಇಲ್ಲ. ತನ್ನ ತೂಕಕ್ಕೆ ತಾನೇ ತಿರುಗಿ ನಿಂತಿದೆ, ತೂಕದ ನಡು ಮೊಳೆಯ ನೇರ ಕೆಳಗೆ ಬಂದಿದೆ.

ಆಮೇಲೆ ಅದೇ ತ್ರಿಭುಜವನ್ನು ಇಳಿಸಿ, ಪಾದ ಕೆಳಗೆ ಬರುವ ಹಾಗೆ ನಿಲ್ಲಿಸಿದೆವು. ನಿಲ್ಲಿಸಲು ಎರಡು ದಬ್ಬೆಯ ನಡುವೆ 14 ಮಿಲಿಮೀಟರ್ ಸಂದು ಬಿಟ್ಟು ಎರಡು ಅಡಿ ಉದ್ದದ ಸ್ಟ್ಯಾಂಡ್ ಮಾಡಿದ್ದೆ. ಮೇಲಿನ ಮೂಲೆಯಿಂದ ಗುಂಡು ಇಳಿಬಿಟ್ಟೆವು. ಈಗ ದಾರ ಬೇರೆ ಕಡೆ ಬಂತು. ಇದು ಎತ್ತರ.

ಅವಳಿಗೆ ಹೊಳೆದದ್ದು ಇಲ್ಲಿ. ಗುಂಡು ಅದೇ, ದಾರ ಅದೇ, ಮೂಲೆಯೂ ಅದೇ. ತೂಗುಬಿಟ್ಟರೆ ಮಧ್ಯರೇಖೆ, ಪಾದ ಮಟ್ಟ ಮಾಡಿ ನಿಲ್ಲಿಸಿದರೆ ಎತ್ತರ. ಮಧ್ಯರೇಖೆ ತ್ರಿಭುಜದ ತೂಕ ಹೇಳುತ್ತದೆ. ಎತ್ತರ ನಾವು ಯಾವ ಬಾಹುವನ್ನು ನೆಲ ಮಾಡಿಕೊಂಡೆವು ಅನ್ನುವುದನ್ನು ಹೇಳುತ್ತದೆ. ಲಂಬ ಅನ್ನುವ ಮಾತಿನ ಮೂಲ ಅರ್ಥವೂ ತೂಗಾಡುವುದು, ಇಳಿಬೀಳುವುದು ಅಂತಲೇ. ನಾನು ಹೈಸ್ಕೂಲಿನಲ್ಲಿ ಇಷ್ಟು ವರ್ಷ ಆ ಶಬ್ದ ಬರೆದರೂ ದಾರದ ತುದಿಯ ಗುಂಡು ಕಣ್ಣಿಗೆ ಬಂದಿರಲಿಲ್ಲ.

ಅಳತೆಗೆ ಕೂತಾಗ ಎರಡು ತಪ್ಪು ಹೊರಬಿದ್ದವು. ಲಘುಕೋನದ್ದರಲ್ಲಿ ಎತ್ತರದ ಬುಡ ಒಂದು ತುದಿಯಿಂದ 10 ಸೆಂ.ಮೀ. ಇರಬೇಕು. ನಮಗೆ 10.6 ಬಂತು. ನಮ್ಮ ಜಗಲಿಯ ನೆಲ, ನೀರು ಹರಿದು ಹೋಗಲಿ ಅಂತ, ಅಂಗಳದ ಕಡೆಗೆ ಸ್ವಲ್ಪ ಇಳಿಜಾರು. ರಸಮಟ್ಟ ಇಟ್ಟು, ಸ್ಟ್ಯಾಂಡಿನ ಒಂದು ತುದಿಗೆ ಅಡಿಕೆ ಹಾಳೆ ಮಡಚಿ ಕೊಟ್ಟ ಮೇಲೆ ಸರಿಯಾಗಿ 10ಕ್ಕೆ ಬಂತು. ಎತ್ತರ 24. ಎರಡನೇ ತಪ್ಪು ತೂತಿನದು. ವಿಶಾಲಕೋನದ್ದರ ಚೂಪು ಮೂಲೆಯಲ್ಲಿ ತುದಿಗೇ ತೂತು ಹಾಕಿದರೆ ಪ್ಲೈವುಡ್ ಸೀಳುತ್ತದೆ. ಎರಡು ಸೆಂ.ಮೀ. ಒಳಗೆ ಕಣ್ಣಂದಾಜಿಗೆ ಹಾಕಿದ್ದೆ. ದಾರ ಪಾದದ ನಡುವಿಗಿಂತ ಸುಮಾರು ನಾಲ್ಕು ಮಿಲಿಮೀಟರ್ ಆಚೆ ಹೋಯಿತು. ತೂತು ಎಲ್ಲಿದ್ದರೂ ದಾರ ತೂಕದ ನಡುವಿನ ಮೇಲೆ ಹಾದೇ ಹೋಗುತ್ತದೆ, ಆದರೆ ಅದು ಮಧ್ಯರೇಖೆಯಾಗಲು ತೂತೂ ಮಧ್ಯರೇಖೆಯ ಮೇಲೇ ಇರಬೇಕು. ಹಾಗಾಗಿ ಮೊದಲು ಸ್ಕೇಲಿನಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ತೂತು ಹಾಕಿ. ತೂತು ಮೊಳೆಗಿಂತ ಸ್ವಲ್ಪ ದೊಡ್ಡದಿರಲಿ. ಬಿಗಿ ಇದ್ದರೆ ತ್ರಿಭುಜ ಪೂರ್ತಿ ತಿರುಗುವ ಮೊದಲೇ ಕಚ್ಚಿ ನಿಲ್ಲುತ್ತದೆ.

ಲಘುಕೋನದ್ದರಲ್ಲಿ ಎತ್ತರ 24 ಆದರೆ ಅದೇ ಮೂಲೆಯ ಮಧ್ಯರೇಖೆ 24.3. ಬುಡದಲ್ಲಿ ಎರಡರ ನಡುವೆ 4 ಸೆಂ.ಮೀ. ಅಂತರ, ಉದ್ದದಲ್ಲಿ ಮಾತ್ರ ಮೂರೇ ಮಿಲಿಮೀಟರ್. ಮೂಲೆಯಿಂದ ಒಂದು ಬಾಹುವಿಗೆ ಎಳೆಯುವ ಗೆರೆಗಳಲ್ಲಿ ಲಂಬವೇ ಎಲ್ಲಕ್ಕಿಂತ ಗಿಡ್ಡ. ಮಧ್ಯರೇಖೆ ಅದಕ್ಕೆ ಸಮ ಆಗಬಹುದು, ಕಡಿಮೆ ಆಗುವುದಿಲ್ಲ. ಸಮ ಆಗುವುದು ಸಮದ್ವಿಬಾಹುವಿನಲ್ಲಿ, ಎರಡು ಸಮ ಬಾಹು ಕೂಡುವ ಮೂಲೆಯಿಂದ. ನಮ್ಮ 25, 25, 30ರಲ್ಲಿ ತೂಗುಹಾಕಿದರೂ ದಾರ ಅಲ್ಲೇ, ನಿಲ್ಲಿಸಿದರೂ ಅಲ್ಲೇ, ಎರಡೂ 20. ಅವಳಿಗೆ ಮನೆಯ ಮಾಡು ತೋರಿಸಿದೆ. ಎರಡೂ ಕಡೆ ಸಮ ಇಳಿದ ಹೆಂಚಿನ ಮಾಡು, ನಡುವಿನ ಕಂಬ ನೇರ ತುದಿಗೆ. ಕೊಟ್ಟಿಗೆಯ ಮಾಡು ಹಿಂದಕ್ಕೆ ಉದ್ದ, ಮುಂದಕ್ಕೆ ಗಿಡ್ಡ. ಅಲ್ಲಿ ತುದಿಯ ಕೆಳಗಿನ ಕಂಬ ನಡುವಿಗೆ ಬರುವುದೇ ಇಲ್ಲ. ಸಮಬಾಹುವಿನಲ್ಲಿ ಮೂರು ಮೂಲೆಯಿಂದಲೂ ಹೀಗೇ, ಪ್ರತಿ ಗೆರೆ 26ಕ್ಕೆ ಕೂದಲೆಳೆಯಷ್ಟು ಕಡಿಮೆ.

ಲಂಬಕೋನದ್ದು ಅವಳಿಗೆ ಬಹಳ ಇಷ್ಟವಾಯಿತು. 18 ಮತ್ತು 24ರ ಬಾಹುಗಳೇ ಎರಡು ಎತ್ತರ. ಮೂರನೆಯದನ್ನು ವಿಕರ್ಣ, ಅಂದರೆ 30ರ ಬಾಹು, ಕೆಳಗೆ ಮಾಡಿ ನಿಲ್ಲಿಸಿ ನೋಡಬೇಕು. ಅದು 14.4. ಮೂರು ಎತ್ತರಗಳೂ ಲಂಬಕೋನದ ಮೂಲೆಯಲ್ಲೇ ಕೂಡುತ್ತವೆ. ಆ ಮೂಲೆಯಿಂದ ವಿಕರ್ಣದ ನಡುವಿಗೆ ಹೋಗುವ ಮಧ್ಯರೇಖೆ ಸರಿಯಾಗಿ 15, ವಿಕರ್ಣದ ಅರ್ಧ. ಆ ನಡುವಿನಲ್ಲಿ ಮೊಳೆ ಹೊಡೆದು ದಬ್ಬೆಯ ಕೈವಾರವನ್ನು 15ಕ್ಕೆ ಇಟ್ಟು ಸುತ್ತಿದರೆ ವೃತ್ತ ಮೂರು ಮೂಲೆಗಳನ್ನೂ ಮುಟ್ಟುತ್ತದೆ. ಇದನ್ನು ಅವಳು ನಾಲ್ಕು ಸಲ ಸುತ್ತಿ ನೋಡಿದಳು.

ಇನ್ನು ವಿಶಾಲಕೋನ. ಇಡೀ ಕೆಲಸ ಶುರುವಾದದ್ದೇ ಇದರಿಂದ.

18ರ ಬಾಹುವನ್ನು ಪಾದ ಮಾಡಿ ನಿಲ್ಲಿಸಿ ಗುಂಡು ಬಿಟ್ಟೆವು. ದಾರ ತ್ರಿಭುಜವನ್ನು ಮುಟ್ಟಲೇ ಇಲ್ಲ. ಪಾದದ ತುದಿಯಿಂದ 12 ಸೆಂ.ಮೀ. ಹೊರಗೆ, ಬರೀ ಗಾಳಿಯಲ್ಲಿ ಇಳಿದು ಸ್ಟ್ಯಾಂಡಿಗೆ ಬಂತು. ಎತ್ತರ 16. ಭಾಸ್ಕರರ ಲೆಕ್ಕ ಹೀಗಿದೆ: ಎರಡು ಬಾಹುಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿ ಪಾದದಿಂದ ಭಾಗಿಸಬೇಕು. ಬಂದದ್ದನ್ನು ಪಾದಕ್ಕೆ ಕೂಡಿಸಿ ಅರ್ಧ ಮಾಡಿದರೆ ಒಂದು ತುಂಡು, ಪಾದದಿಂದ ಕಳೆದು ಅರ್ಧ ಮಾಡಿದರೆ ಇನ್ನೊಂದು. ಈ ತುಂಡಿಗೆ ಅವರು ಆಬಾಧೆ ಅನ್ನುತ್ತಾರೆ. 13, 14, 15ಕ್ಕೆ: 28ನ್ನು 2ರಿಂದ ಗುಣಿಸಿ 14ರಿಂದ ಭಾಗಿಸಿದರೆ 4. ತುಂಡುಗಳು 9 ಮತ್ತು 5. 9, 10, 17ಕ್ಕೆ: 27ನ್ನು 7ರಿಂದ ಗುಣಿಸಿ 9ರಿಂದ ಭಾಗಿಸಿದರೆ 21. ಪಾದವೇ 9, ಅದರಿಂದ 21 ಕಳೆಯುವುದು ಹೇಗೆ? 21ರಿಂದಲೇ 9 ಕಳೆದು ಅರ್ಧ ಮಾಡಿ, ಬಂದ 6 ಋಣ, ಅಂದರೆ ವಿರುದ್ಧ ದಿಕ್ಕಿಗೆ ಅಂತ ಅವರು ವಿವರಿಸುತ್ತಾರೆ. ನಮ್ಮದು ಎರಡು ಪಟ್ಟು, ಹಾಗಾಗಿ 12. ಆ ಋಣ ಚಿಹ್ನೆ ನಮ್ಮ ಕಣ್ಣೆದುರೇ ದಾರದಲ್ಲಿ ನೇತಾಡುತ್ತಿತ್ತು. ಎತ್ತರ ಹೊರಗೆ ಬಿದ್ದರೂ ವಿಸ್ತೀರ್ಣ ತಪ್ಪುವುದಿಲ್ಲ. 18ನ್ನು 16ರಿಂದ ಗುಣಿಸಿ ಅರ್ಧ ಮಾಡಿದರೆ 144. ಅದು ಅದೇ ತ್ರಿಭುಜದ್ದು. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮೂರು ಎತ್ತರಗಳನ್ನೂ ದಾರದಲ್ಲಿ ತೋರಿಸೋಣ ಅಂತ ಒಂದೂವರೆ ಅಡಿಗೆ ಒಂದು ಅಡಿಯ ಬೋರ್ಡಿನ ನಡುವೆ ತ್ರಿಭುಜವನ್ನು ಫೆವಿಕಾಲ್ ಹಾಕಿ ಅಂಟಿಸಿದೆ. ಮಧ್ಯರೇಖೆಗೆ ಕೆಂಪು ದಾರ, ಎತ್ತರಕ್ಕೆ ನೀಲಿ. ಕೆಂಪು ಮೂರೂ ಒಳಗೇ ಕೂಡಿದವು. ನೀಲಿ ದಾರಗಳನ್ನು ಎಳೆಯುತ್ತಾ ಹೋದರೆ ಬೋರ್ಡಿನ ಅಂಚು ಬಂತು, ಗಂಟು ಬರಲಿಲ್ಲ. ಲೆಕ್ಕ ಹಾಕಿದರೆ ಲಂಬಕೇಂದ್ರ, ಅಂದರೆ ಮೂರು ಎತ್ತರಗಳು ಕೂಡುವ ಜಾಗ, ಪಾದದ ಗೆರೆಯಿಂದ 22.5 ಸೆಂ.ಮೀ. ಕೆಳಗೆ, ಮೇಲಿನ ಮೂಲೆಯಿಂದ 38.5 ಸೆಂ.ಮೀ. ದೂರ. ಇದನ್ನು ಅಂಟಿಸುವ ಮೊದಲೇ ನೋಡಬೇಕಿತ್ತು. ಎಬ್ಬಿಸಿದಾಗ ತ್ರಿಭುಜದ ಹಿಂದಿನ ಪದರ ಕಿತ್ತು ಬಂತು. ಗರಗಸದ ಹುಡಿಗೆ ಫೆವಿಕಾಲ್ ಕಲಸಿ ತುಂಬಿ, ಒಂದು ರಾತ್ರಿ ಭಾರ ಹೇರಿಟ್ಟೆ. ಮಳೆಗಾಲದಲ್ಲಿ ಒಣಗಲು ಜಾಸ್ತಿ ಹೊತ್ತು ಬೇಕು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ. ಎರಡನೇ ಸಲ ಎರಡು ಅಡಿಗೆ ಒಂದೂವರೆ ಅಡಿಯ ಬೋರ್ಡು ಉದ್ದಕ್ಕೆ ನಿಲ್ಲಿಸಿ, ತ್ರಿಭುಜವನ್ನು ಮೇಲ್ಭಾಗದಲ್ಲಿಟ್ಟೆ. ಅಂಟು ಹಾಕಲಿಲ್ಲ. ತಲೆ ಕತ್ತರಿಸಿದ ಎರಡು ಮೊಳೆಗೆ ಸಿಕ್ಕಿಸಿದೆ, ಬೇಕಾದಾಗ ತೆಗೆಯಬಹುದು. ಈ ಸಲ ಮೂರು ನೀಲಿ ದಾರಗಳೂ ಕೆಳಗೆ ಒಂದೇ ಮೊಳೆಗೆ ಬಂದವು. ಗಮನಿಸಿ, ಮೂರರಲ್ಲಿ ಒಂದು ಎತ್ತರದ ಬುಡ ಬಾಹುವಿನ ಮೇಲೇ ಇದೆ, ಎಲ್ಲಕ್ಕಿಂತ ಉದ್ದದ 34ರ ಬಾಹುವಿನ ಮೇಲೆ. ಉಳಿದ ಎರಡಕ್ಕೆ ಬಾಹುವನ್ನು ದಬ್ಬೆ ಪಟ್ಟಿಯಿಂದ ಮುಂದುವರಿಸಬೇಕು.

ಲಘುಕೋನದ ಬೋರ್ಡಿನಲ್ಲಿ ಎಲ್ಲಾ ಒತ್ತೊತ್ತಾಗಿವೆ. ಲಂಬಕೇಂದ್ರದಿಂದ ಮಧ್ಯರೇಖೆಗಳು ಕೂಡುವ ಗುರುತ್ವಕೇಂದ್ರಕ್ಕೆ 2.7 ಸೆಂ.ಮೀ., ಅಲ್ಲಿಂದ ಪರಿಕೇಂದ್ರಕ್ಕೆ, ಅಂದರೆ ಮೂರು ಮೂಲೆಗಳನ್ನೂ ಮುಟ್ಟುವ ವೃತ್ತದ ನಡುವಿಗೆ, 1.4. ಮೂರೂ ಒಂದೇ ಗೆರೆಯಲ್ಲಿ, 2ಕ್ಕೆ 1ರ ಪಾಲಿನಲ್ಲಿ. ಇದನ್ನು ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ್ದು. ಅವಳಿಗೆ ಇದು ಮುಂದೆ ಬರುವ ಪಾಠ, ಒಂದು ಹಳದಿ ದಾರ ಕಟ್ಟಿ ಬಿಟ್ಟೆ.

ಅವಳ ಕಣ್ಣು ಬೇರೆ ಕಡೆ ಇತ್ತು. "ಇದು ಇಷ್ಟು ಹೊರಗೆ ವಾಲಿದೆ, ಆದ್ರೂ ಯಾಕೆ ಬೀಳ್ಲಿಲ್ಲ?" ಅಂದಳು. ಹೌದಲ್ಲ. ಗುಂಡು ಪಾದ ಬಿಟ್ಟು 12 ಸೆಂ.ಮೀ. ಹೊರಗಿದೆ, ಸ್ಟ್ಯಾಂಡಿನ ಸಂದು ಸಡಿಲವೇ ಇದೆ, ತ್ರಿಭುಜ ನಿಂತಿದೆ. ಮೂಲೆಯಿಂದ ಗುಂಡು ಬಿಡುವ ಬದಲು ಕೆಂಪು ದಾರಗಳು ಕೂಡಿದ ಜಾಗದಿಂದ ಬಿಟ್ಟು ನೋಡು ಅಂದೆ. ಅಲ್ಲಿಂದ ಬಿಟ್ಟ ಗುಂಡು ಪಾದದ ಒಳಗೇ ಬಂತು, ತುದಿಯಿಂದ ಎರಡೇ ಸೆಂ.ಮೀ. ಒಳಗೆ. ಅಷ್ಟಕ್ಕೇ ನಿಂತಿದೆ. ಬೀಳುವುದೋ ನಿಲ್ಲುವುದೋ ನಿರ್ಧಾರವಾಗುವುದು ಮಧ್ಯರೇಖೆಗಳು ಕೂಡುವ ಜಾಗದಿಂದ.

ಹಾಗಾದರೆ ಯಾವಾಗ ಬೀಳುತ್ತದೆ? ಲೆಕ್ಕ ಅವಳೇ ಹಾಕಿದಳು. ಪಾದದಿಂದ ಹೊರಗಿನ ದೂರ ಕಳೆದು ಮೂರರಿಂದ ಭಾಗಿಸಿದರೆ ಗುರುತ್ವಕೇಂದ್ರ ಎಷ್ಟು ಒಳಗಿದೆ ಅಂತ ಸಿಗುತ್ತದೆ. 18ರಿಂದ 12 ಕಳೆದು ಮೂರರಿಂದ ಭಾಗಿಸಿದರೆ 2, ಸರಿ. ಪಾದವನ್ನು ಕಡಿಮೆ ಮಾಡುತ್ತಾ 12ಕ್ಕೆ ತಂದರೆ ಸೊನ್ನೆ. ಅಲ್ಲಿಗೆ ಬೀಳಬೇಕು. ಮೊದಲಿನ ತ್ರಿಭುಜ ಹಾಳು ಮಾಡುವುದು ಬೇಡ ಅಂತ ಅದೇ ಅಳತೆಯ ಇನ್ನೊಂದು ಕೊಯ್ದೆವು. ಮೇಲಿನ ಮೂಲೆಯನ್ನು ಹಾಗೇ ಇಟ್ಟು, ಪಾದದ ಆಚೆ ತುದಿಯಿಂದ ಸ್ವಲ್ಪ ಸ್ವಲ್ಪ ಕೊಯ್ಯುತ್ತಾ ಬಂದೆ. ಪಾದ 16, ನಿಂತಿತು. 14, ನಿಂತಿತು. 13, ಕೈ ಬಿಟ್ಟಾಗ ಸ್ವಲ್ಪ ಅಲುಗಾಡಿ ನಿಂತಿತು. 12.5ಕ್ಕೆ ತಂದು ಬಿಟ್ಟರೆ ಧಡ್ ಅಂತ ಮುಂದಕ್ಕೆ ಮಗುಚಿತು.

12ಕ್ಕೆ ಬೀಳಬೇಕಿತ್ತಲ್ವಾ, ಅರ್ಧ ಸೆಂಟಿಮೀಟರ್ ಮೊದಲೇ ಯಾಕೆ ಬಿತ್ತು ಅಂತ ಅವಳು ಬಿಡಲಿಲ್ಲ. ಎತ್ತಿಕೊಂಡು ನೋಡಿದೆವು. 12.5ರಲ್ಲಿ ಗುರುತ್ವಕೇಂದ್ರ ತುದಿಯಿಂದ ಒಳಗಿರುವುದು ಎರಡು ಮಿಲಿಮೀಟರಿಗೂ ಕಡಿಮೆ. ಅದು ತಿರುಗಿ ಬೀಳುವ ಆ ಮೂಲೆಯನ್ನೋ, ಚುಚ್ಚದಿರಲಿ ಅಂತ ನಾನು ಸ್ಯಾಂಡ್ ಪೇಪರಿನಲ್ಲಿ ಎರಡು ಮಿಲಿಮೀಟರಿನಷ್ಟು ಉರುಟು ಮಾಡಿದ್ದೆ. ನೆಲಕ್ಕೆ ತಾಗುವ ಜಾಗವೇ ಅಷ್ಟು ಒಳಗೆ ಸರಿದಿತ್ತು. ಅವಳು ಹೊಸ ತುಂಡಿನ ಮೇಲೆ ಗೆರೆ ಎಳೆದು ತಂದು ಕೊಟ್ಟಳು, ಈ ಸಲ ಆ ಮೂಲೆ ಮುಟ್ಟಬಾರದು ಅಂತ ಪೆನ್ಸಿಲಿನಲ್ಲಿ ಸುತ್ತು ಹಾಕಿ.